ಎರಡು ಖಾಲಿ ಸಾಲು

ಬ್ಯಾಡಗಿಯ ನಮ್ಮ ಕಚೇರಿಯಲ್ಲಿ ನನ್ನ ಕೆಲಸ ತಾರೀಖು ಹಾಕುವುದು. ಆವಕ ವಿಭಾಗ ಎಂದು ಹೆಸರೇನೋ ದೊಡ್ಡದು. ಇದ್ದದ್ದು ಒಂದು ಮೇಜು, ಒಂದು ಮುದ್ರೆ, ಒಂದು ಉದ್ದನೆಯ ವಹಿ ಮತ್ತು ನಾನು. ಹೊರಗಿನಿಂದ ಬಂದ ಯಾವ ಕಾಗದವೂ ನನ್ನ ಕೈ ದಾಟದೆ ಒಳಗೆ ಹೋಗುವಂತಿರಲಿಲ್ಲ. ಮುದ್ರೆ ಒತ್ತಬೇಕು, ವಹಿಯಲ್ಲಿ ನಂಬರು ಕೊಡಬೇಕು, ಯಾರಿಂದ ಬಂತು, ಏನು ವಿಷಯ ಎಂದು ಒಂದು ಸಾಲು ಬರೆಯಬೇಕು. ಸಂಜೆ ಕೊನೆಯ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಕೆಂಪು ಶಾಯಿಯ ಗೆರೆ ಎಳೆದರೆ ಆ ದಿನ ಮುಗಿಯಿತು. ಗೆರೆಯ ಮೇಲಿನದು ಇವತ್ತಿನದು, ಕೆಳಗಿನದು ನಾಳಿನದು. ಕಚೇರಿಯ ಗಂಡಸರು ನನ್ನ ಬೆನ್ನ ಹಿಂದೆ ‘ಕೆಂಪುಗೆರಿ ಬಾಯಾರು’ ಎನ್ನುತ್ತಿದ್ದರು. ನನಗೆ ಗೊತ್ತಿತ್ತು. ಸಿಟ್ಟು ಬರುತ್ತಿರಲಿಲ್ಲ, ಒಳಗೊಳಗೇ ಹಿಗ್ಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯ ಮಾತು ಇದು. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ನಮ್ಮ ಮೇಲಿನವರೆಲ್ಲ ಧಾರವಾಡದಲ್ಲಿ ಕೂತಿದ್ದರು. ನಾನು ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ನನ್ನ ಗಂಡನಿಗೆ ಅಲ್ಲಿಯ ಒಂದು ಬೀಜದ ಅಂಗಡಿಯಲ್ಲಿ ಕೆಲಸ. ಮಕ್ಕಳಿಬ್ಬರು, ಇಬ್ಬರೂ ನಾನು ನೌಕರಿಗೆ ಸೇರಿದ ಮೇಲೆ ಹುಟ್ಟಿದವರು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಜಗಳವೂ ಉರ್ದುವಿನಲ್ಲೇ. ಕಚೇರಿಯ ವಿಷಯ ಬಂದರೆ ಮಾತ್ರ ತಾನಾಗಿ ಕನ್ನಡಕ್ಕೆ ಹೊರಳುತ್ತಿದ್ದೆವು, ಯಾಕೆಂದರೆ ಜ್ಯೇಷ್ಠತಾ ಪಟ್ಟಿಗೆ ಉರ್ದುವಿನಲ್ಲಿ ಏನೆನ್ನುತ್ತಾರೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಕೂತಲ್ಲಿ ಕೂರಲಾಗದ ಸ್ವಭಾವ ನನ್ನದು. ಬಸ್ಸು ಹೊರಡುವ ಮೊದಲೇ ಟಿಕೆಟಿನ ಚಿಲ್ಲರೆ ಕೈಯಲ್ಲಿ ಹಿಡಿದಿರುತ್ತಿದ್ದೆ, ಅನ್ನ ಇಳಿಸುವ ಮೊದಲೇ ತಟ್ಟೆ ಹಾಕಿಬಿಡುತ್ತಿದ್ದೆ. ಇಂಥವಳಿಗೆ ಆ ಕೆಂಪು ಗೆರೆ ಒಂದೇ ನೆಮ್ಮದಿ. ಒಂದು ದಿನವಾದರೂ ಸರಿಯಾಗಿ ಮುಗಿಯಿತಲ್ಲ ಎಂದು ಮುಸುಕು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದೆ.

ಆ ನೆಮ್ಮದಿ ಹೋದದ್ದು ಹೊಸ ಸಾಹೇಬರು ಬಂದ ಮೇಲೆ. ಕೆಟ್ಟ ಮನುಷ್ಯ ಎಂದು ಹೇಳಲಾರೆ. ನಗುಮುಖ, ಊಟದ ಮೇಲೆ ಪ್ರೀತಿ, ಎದುರಿಗೆ ಇಟ್ಟದ್ದಕ್ಕೆಲ್ಲ ಸಹಿ. ಬಂದ ಎರಡನೇ ವಾರ ನನ್ನನ್ನು ಕರೆದರು.

“ಬಾಯಾರ, ದಿನಾ ಸಂಜೀಕ ಗೆರಿ ಎಳದಬಿಡಬ್ಯಾಡ್ರಿ. ನಂಬರ ಹಾಕಿ ಎರಡ ಸಾಲ ಖಾಲಿ ಬಿಡ್ರಿ.”

“ಯಾಕ್ರಿ ಸರ?”

“ಹಳ್ಳಿಯಿಂದ ವರದಿ ತಡಾ ಮಾಡಿ ಬರ್ತಾವ. ಹಿಂದಿನ ತಾರೀಖಿಗೆ ಹಚ್ಚಾಕ ಜಾಗಾ ಬೇಕಲ್ಲ? ಎಲ್ಲಾ ಕಡೆ ಹಿಂಗ ನಡಿತೈತಿ.”

ಎಲ್ಲ ಕಡೆ ಹಾಗೇ ನಡೆಯುತ್ತಿತ್ತು, ಸುಳ್ಳಲ್ಲ. ನಾನು ಮೊದಲು ಹಾವೇರಿಯಲ್ಲಿದ್ದಾಗಲೂ ಕಂಡಿದ್ದೆ. ಆದರೂ ಎರಡು ದಿನ ಹಟ ಹಿಡಿದೆ. ಮೂರನೇ ದಿನ ಅವರು ಎಲ್ಲರ ಮುಂದೆ, “ನಿಮ್ಮ ಗೆರಿಯಿಂದ ಕಚೇರಿ ನಡಿಯೂದಿಲ್ರಿ” ಎಂದು ನಕ್ಕರು. ಉಳಿದವರೂ ನಕ್ಕರು. ನಾನು ತಲೆ ತಗ್ಗಿಸಿ ಅವತ್ತಿನಿಂದ ದಿನಕ್ಕೆ ಎರಡು ಸಾಲು ಖಾಲಿ ಬಿಡತೊಡಗಿದೆ. ನಂಬರು ಇರುತ್ತಿತ್ತು, ಮುಂದೆ ಏನೂ ಇರುತ್ತಿರಲಿಲ್ಲ. ಬೇಕೆಂದಾಗ ಅವರು, “ಹೋದ ಮಂಗಳವಾರಕ್ಕ ಇದನ್ನ ಹಚ್ಚರಿ” ಎನ್ನುತ್ತಿದ್ದರು, ನಾನು ಹಚ್ಚುತ್ತಿದ್ದೆ. ಎರಡಕ್ಕಿಂತ ಹೆಚ್ಚು ಬಿಡಲಿಲ್ಲ, ಕಡಿಮೆಯನ್ನೂ ಬಿಡಲಿಲ್ಲ. ತಪ್ಪು ಮಾಡುವುದರಲ್ಲೂ ನಾನು ಅಚ್ಚುಕಟ್ಟು.

ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದ ದಿನಗಳು. ಒಂದು ಗುರುವಾರ ಮಧ್ಯಾಹ್ನ ನಮ್ಮ ಜವಾನ ನನ್ನ ಮೇಜಿನ ಹತ್ತಿರ ಬಂದು ನಿಂತ. ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ, ಯಾರ ತಂಟೆಗೂ ಹೋಗದವನು.

“ಬಾಯಾರ, ಬಾಗಲ ಹಿಂದ ಒಂದ ಪಟ್ಟಿ ಹಚ್ಯಾರ್ರಿ. ನಿಮ್ಮ ಹೆಸರೂ ಐತೇನ, ನೋಡ್ರಿ.”

ಬಾಗಿಲು ತೆರೆದರೆ ಗೋಡೆಗೆ ಒತ್ತಿ ಮುಚ್ಚಿಹೋಗುವ ಜಾಗ ಅದು. ಬಾಗಿಲು ಎಳೆದುಕೊಂಡು, ಒಳಗೆ ನುಸುಳಿ ಓದಿದೆ. ನಮ್ಮ ದರ್ಜೆಯ ಗುಮಾಸ್ತರ ಜ್ಯೇಷ್ಠತಾ ಪಟ್ಟಿ. ಬಡ್ತಿ ಕೊಡುವಾಗ ಇದರ ಮೇಲಿನಿಂದ ಹೆಸರು ತೆಗೆಯುತ್ತಾರೆ. ನನಗಿಂತ ಆಮೇಲೆ ಸೇರಿದ ಇಬ್ಬರು ಗಂಡಸರು ನನ್ನ ಮೇಲಿದ್ದರು. ಅವರಲ್ಲೊಬ್ಬ ನಮ್ಮ ಕಚೇರಿಯಲ್ಲೇ ನನ್ನ ಎದುರು ಮೇಜಿನವನು, ಟಿಪ್ಪಣಿ ಬರೆಯುವುದನ್ನು ನಾನೇ ಕಲಿಸಿದ್ದೆ. ನನ್ನ ಹೆಸರಿನ ಮುಂದೆ ಷರಾ: ‘ಸೇವೆಯಲ್ಲಿ ಖಂಡ, ಆರು ತಿಂಗಳು.’ ಆರು ತಿಂಗಳು ಎಂದರೆ ನನ್ನ ಎರಡು ಹೆರಿಗೆ ರಜೆ. ನಿಯಮದ ಪ್ರಕಾರ ಮಂಜೂರಾದ ರಜೆಯನ್ನು ನೌಕರಿ ಬಿಟ್ಟುಹೋದ ಲೆಕ್ಕಕ್ಕೆ ಹಾಕಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ, ಆಕ್ಷೇಪಣೆ ಇದ್ದವರು ಪಟ್ಟಿ ಕಚೇರಿಗೆ ತಲುಪಿದ ಮೂವತ್ತು ದಿನದೊಳಗೆ ಸೂಕ್ತ ಮಾರ್ಗದ ಮೂಲಕ ಸಲ್ಲಿಸಬೇಕು ಎಂದಿತ್ತು. ಸೂಕ್ತ ಮಾರ್ಗ ಎಂದರೆ ನಮ್ಮ ಸಾಹೇಬರ ಮೇಜು.

ತಲುಪಿದ್ದು ಯಾವಾಗ? ವಹಿಗೆ ಓಡಿದೆ. ಧಾರವಾಡದಿಂದ ಸಾಹೇಬರ ಹೆಸರಿಗೆ ಬಂದ ಒಂದು ಮುಚ್ಚಿದ ಲಕೋಟೆ ಎಂದು ನಾನೇ ಬರೆದಿದ್ದೆ. ಹೆಸರಿಗೆ ಬಂದ ಲಕೋಟೆಯನ್ನು ನಾನು ಒಡೆಯುವಂತಿಲ್ಲ. ಎಣಿಸಿದೆ. ಅವತ್ತಿಗೆ ಇಪ್ಪತ್ತಾರನೆಯ ದಿನ. ನನ್ನ ದಿನಗಳನ್ನು ಸಾಹೇಬರ ಮೇಜಿನ ಖಾನೆ ನುಂಗಿಬಿಟ್ಟಿತ್ತು, ನುಂಗಲು ಶುರುಮಾಡಿದ ತಾರೀಖು ಮಾತ್ರ ನನ್ನದೇ ಅಕ್ಷರದಲ್ಲಿತ್ತು. 

ಒಳಗೆ ಹೋಗಿ ಕೇಳಿದೆ.

“ಅದು ನಾ ಮಾಡಿದ್ದಲ್ರಿ, ಮ್ಯಾಲಿನವರ ಲೆಕ್ಕ. ರಜಾ ತಗೊಂಡೀರಿ, ಖಂಡ ಬಿದ್ದೈತಿ.”

“ಹೆರಿಗಿ ರಜಾ ಸರ ಅದು.”

“ರಜಾ ರಜಾನ ಅಲ್ರಿ? ಗಂಡಸರಿಗೆ ಯಾರರ ಆರ ತಿಂಗಳ ಕೊಡ್ತಾರನು?” ಆಮೇಲೆ ದನಿ ಮೆತ್ತಗೆ ಮಾಡಿ, “ಪ್ರಮೋಶನ್ ಆತಂದ್ರ ಹಾನಗಲ್ಲೋ ಹಿರೇಕೆರೂರೋ ಎಲ್ಲೆರ ಒಗೀತಾರ. ಸಣ್ಣ ಮಕ್ಕಳನ್ನ ಕಟಗೊಂಡು ಎಲ್ಲಿ ಓಡ್ಯಾಡ್ತೀರಿ? ನಿಮ್ಮ ಚಲೋದಕ್ಕ ಹೇಳಾಕತ್ತೇನಿ” ಎಂದರು.

ನನ್ನ ಚಲೋ ಯಾವುದು ಎಂದು ಊರವರಿಗೆಲ್ಲ ಗೊತ್ತಿತ್ತು, ನನ್ನನ್ನು ಬಿಟ್ಟು. ಹೊರಗೆ ಬಂದೆ. ಎದುರು ಮೇಜಿನ ಹುಡುಗ ತಲೆ ಎತ್ತದೆ, “ಅಕ್ಕಾರ, ನಾ ಏನೂ ಹೇಳಿಲ್ರಿ ಯಾರಿಗೂ” ಎಂದ. ಖರೇ ಇರಬಹುದು. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಮುಂದಿನ ನಾಲ್ಕು ದಿನ ನನ್ನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಶುಕ್ರವಾರ ರಜೆ ಹಾಕಿ ಹಾವೇರಿಗೆ ಹೋದೆ. ರಜೆ ಮಂಜೂರಾದ ಆದೇಶ ಅಲ್ಲಿಯ ಹಳೆಯ ಕಡತದಲ್ಲಿತ್ತು. ದಾಖಲೆ ನೋಡಿಕೊಳ್ಳುವವರು, “ಊಟಾ ಮಾಡಿ ಬರ್ರಿ, ಹುಡುಕಿ ಇಟ್ಟಿರ್ತೇನಿ” ಎಂದರು. ನಾನು ಊಟಕ್ಕೆ ಹೋಗಲಿಲ್ಲ, ಅವರನ್ನೂ ಹೋಗಗೊಡಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಧೂಳು ಕುಡಿದೆವು. ಮೊದಲನೆಯ ಆದೇಶ ಮೂರು ಗಂಟೆಗೆ ಸಿಕ್ಕಿತು, ಎರಡನೆಯದು ಐದಕ್ಕೆ. ಅವುಗಳನ್ನು ಎದೆಗೆ ಅವಚಿಕೊಂಡೇ ಬಸ್ಸು ಹತ್ತಿದೆ.

ರಾಣೆಬೆನ್ನೂರಿನಲ್ಲಿ ನಮ್ಮ ಓಣಿಯಾಚೆ ನಿವೃತ್ತ ಹೆಡ್ ಕ್ಲಾರ್ಕ್ ಒಬ್ಬರಿದ್ದರು. ಸರ್ಕಾರಿ ನೌಕರರ ಅರ್ಜಿ ಬರೆದುಕೊಡುವುದು ಅವರಿಗೆ ಹುಚ್ಚು. ಹಣ ಮುಟ್ಟುತ್ತಿರಲಿಲ್ಲ, ಚಹಾ ಬಿಡುತ್ತಿರಲಿಲ್ಲ. ಭಾನುವಾರ ಅವರ ಜಗಲಿಯಲ್ಲಿ ಕೂತು ಅರ್ಜಿ ಬರೆಸಿಕೊಂಡೆ. ಟೈಪಿಂಗ್ ಕ್ಲಾಸಿನವನ ಮನೆಗೆ ಅವರೇ ಬಂದು, ಬೀಗ ತೆಗೆಸಿ ಟೈಪ್ ಮಾಡಿಸಿದರು.

“ತಂಗೀ, ನಿಯಮ ನಿನ್ನ ಕಡೆ ಐತಿ. ತಾರೀಖು ಮಾತ್ರ ಯಾರ ಕಡೀಗೂ ಇರೂದಿಲ್ಲ. ಇನ್ನೊಂದು ಪ್ರತಿ ನಾಳೆ ಧಾರವಾಡಕ್ಕ ರಜಿಸ್ಟರ್ ಮಾಡು. ರಸೀದಿ ಜ್ವಾಕಿ ಇಟಗೋ.”

“ಅಜ್ಜಾರ, ಆವಕ ನನ್ನ ಕೈಯಾಗ ಐತ್ರಿ. ನನ್ನ ವಹಿಗಿಂತ ದೊಡ್ಡ ರಸೀದಿ ಯಾವ್ದೈತಿ?”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಅರ್ಜಿ ಮಡಿಸಿ ಕೊಟ್ಟರು. ಆ ನೋಟ ನೆನಪಾದಾಗಲೆಲ್ಲ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಹತ್ತು ನಿಮಿಷದ ಕೆಲಸ. ಅಂಚೆ ಕಚೇರಿ ನಮ್ಮ ಕಚೇರಿಯ ದಾರಿಯಲ್ಲೇ ಇತ್ತು. ಜಂಬ ಬಿಡಲಿಲ್ಲ.

ಸೋಮವಾರ, ಮೂವತ್ತನೆಯ ದಿನ. ಬ್ಯಾಡಗಿಯಲ್ಲಿ ಸೋಮವಾರ ಮಾರುಕಟ್ಟೆ. ಮೆಣಸಿನಕಾಯಿಯ ಲಾರಿ, ಚಕ್ಕಡಿಗಳಿಂದ ರಸ್ತೆ ಕಟ್ಟಿಹೋಗಿ ಬಸ್ಸು ಊರ ಹೊರಗೇ ನಿಂತಿತು. ಇಳಿದು ಸೀನುತ್ತ, ಕಣ್ಣೀರು ಒರೆಸುತ್ತ ನಡೆದೆ. ಸಾಹೇಬರು ಕಾಗಿನೆಲೆಯ ಕಡೆ ಕ್ಯಾಂಪಿಗೆ ಹೋಗಿದ್ದರು. ಮುಖಾಮುಖಿ ಕೊಟ್ಟು ಸಹಿ ಪಡೆಯಬೇಕೆಂದು ಕಾದೆ. ಅವತ್ತಿನ ಕಾಗದಗಳನ್ನೆಲ್ಲ ಏರಿಸಿದೆ, ಗಡಿಯಾರ ನೋಡಿದೆ, ಬಾಗಿಲಿಗೆ ಹೋದೆ, ಬಂದೆ. ಐದು ದಾಟಿದ ಮೇಲೆ ಬಂದರು. ಅರ್ಜಿ ಮುಂದಿಟ್ಟರೆ, “ಟೇಬಲ್ ಮ್ಯಾಲ ಇಡ್ರಿ, ನಾಳಿ ನೋಡೂಣು” ಎಂದು ಚಪ್ಪಲಿ ಬಿಚ್ಚಿ ಕಾಲು ಚಾಚಿದರು. ನಾನು ಹೊರಗೆ ಬಂದು, ನನ್ನ ಅರ್ಜಿಗೆ ನಾನೇ ಮುದ್ರೆ ಒತ್ತಿ, ಅವತ್ತಿನ ಕೊನೆಯ ನಂಬರು ಕೊಟ್ಟು, ಜವಾನನ ಕೈಯಲ್ಲಿ ಅವರ ಮೇಜಿಗೆ ಕಳಿಸಿದೆ. ಅದರ ಕೆಳಗೆ ಅಭ್ಯಾಸದಂತೆ ನಂಬರು ಹಾಕಿ ಎರಡು ಸಾಲು ಖಾಲಿ ಬಿಟ್ಟೆ.

ಒಂದೂವರೆ ತಿಂಗಳಿಗೆ ಧಾರವಾಡದಿಂದ ಉತ್ತರ ಬಂತು. ನನ್ನ ಹೆಸರಿಗೇ ಬಂದ ಲಕೋಟೆ. ಒಡೆದು ಓದಿದೆ, ಮುದ್ರೆ ಒತ್ತಿ ನಂಬರು ಕೊಟ್ಟೆ. ರಜೆಯ ಬಗ್ಗೆ ಒಂದಕ್ಷರ ಇರಲಿಲ್ಲ. ಅರ್ಜಿದಾರರೇ ಆವಕ ಗುಮಾಸ್ತರಾಗಿದ್ದು, ವಹಿಯಲ್ಲಿ ಖಾಲಿ ಸಾಲುಗಳಿರುವುದಾಗಿ ಕಚೇರಿ ಮುಖ್ಯಸ್ಥರು ತಿಳಿಸಿದ್ದಾರೆ. ಅರ್ಜಿ ಅವರ ಗಮನಕ್ಕೆ ಬಂದದ್ದು ಮೂರು ದಿನದ ನಂತರ. ಆದ್ದರಿಂದ ಗಡುವಿನೊಳಗೆ ಬಂದಿದೆ ಎಂದು ನಂಬಲು ಬಾರದು, ತಿರಸ್ಕರಿಸಿದೆ. ಅಷ್ಟೇ. ತಡವಾಗಿ ಕೊಟ್ಟು, ಖಾಲಿ ಸಾಲಿನಲ್ಲಿ ತೂರಿಸಿದ್ದೇನೆ ಎಂಬ ಅರ್ಥ. ಕಳ್ಳಿ ಎಂದು ನೇರವಾಗಿ ಬರೆದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ.

“ಸರ, ಸಾಲ ಖಾಲಿ ಬಿಡ್ರಿ ಅಂದವರು ನೀವ.”

“ಬರದ ಕೊಟ್ಟೇನೇನು?” ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವವರ ಹಾಗೆ.

ಮನೆಗೆ ಬಂದು ಅತ್ತುಬಿಟ್ಟೆ. ಗಂಡ ಅಂಗಡಿಯಿಂದ ಬಂದವನು ಕಾಗದ ಓದಿ, “ಬಿಟ್ಟಬಿಡು ಅನ್ನಲಿ ಏನು?” ಎಂದ. ಬಿಡು ಎನ್ನಲಿಲ್ಲ, ಎನ್ನಲೇ ಎಂದು ಕೇಳಿದ. ಅದಕ್ಕೇ ಬಿಡಲಿಲ್ಲ.

ಮೇಲ್ಮನವಿಗೆ ಮೂರು ತಿಂಗಳ ಗಡುವಿತ್ತು, ಮತ್ತೆ ಎಣಿಕೆ ಶುರುವಾಯಿತು. ಅಜ್ಜಾರ ಹತ್ತಿರ ಹೋದೆ. ರಜಿಸ್ಟರ್ ಮಾಡಲಿಲ್ಲ ಎಂದು ಅವರು ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಕಡೆ. ಯೋಚನೆ ಮಾಡಿ ಕೇಳಿದರು.

“ಆ ಸೋಮವಾರದ ಕೆಳಗ ಎಷ್ಟು ಸಾಲು ಖಾಲಿ ಉಳದಾವ?”

“ಎರಡ್ರಿ.”

“ಎರಡಕ್ಕಿಂತ ಹೆಚ್ಚು ಎಂದರ ಬಿಟ್ಟೀಯೇನು?”

“ಒಂದ ದಿನಾನೂ ಇಲ್ರಿ.”

“ಹಂಗಾರ ನೀ ಖಾಲಿ ಸಾಲಿನಾಗ ತುರುಕಿಲ್ಲ. ತುರುಕಿದ್ರ ಒಂದ ಉಳಿತಿತ್ತು. ಆದ್ರ ತಂಗೀ, ಎರಡ ಉಳದಾವ ಅಂತ ನೀ ಹೇಳಿದ್ರ ಯಾರು ಕೇಳ್ತಾರ? ನಿಮ್ಮ ಸಾಹೇಬರ ಹೇಳಬೇಕು.”

ಅವರು ಯಾಕೆ ಹೇಳುತ್ತಾರೆ? ಅಲ್ಲಿಂದ ನನ್ನ ಜೀವಕ್ಕೆ ಹೊಸ ಹುಳ ಹೊಕ್ಕಿತು. ಆ ಎರಡು ಸಾಲು ಇನ್ನೂ ಖಾಲಿ ಇದ್ದವು, ಅಂದರೆ ಸಾಹೇಬರು ಯಾವತ್ತಾದರೂ, “ಆ ಸೋಮವಾರಕ್ಕ ಇದನ್ನ ಹಚ್ಚರಿ” ಎಂದು ಒಂದು ವರದಿ ಕೊಟ್ಟರೆ ನನ್ನ ಪುರಾವೆ ಅಲ್ಲಿಗೆ ಮುಗಿಯಿತು. ಹಚ್ಚುವವಳೂ ನಾನೇ. ಬೆಳಿಗ್ಗೆ ಬಂದ ಕೂಡಲೇ ಆ ಪುಟ ತೆಗೆಯುತ್ತಿದ್ದೆ. ಊಟದ ಡಬ್ಬಿ ಬಿಚ್ಚುವ ಮೊದಲೊಮ್ಮೆ, ಆಮೇಲೊಮ್ಮೆ. ಸಾಹೇಬರು ಗಂಟೆ ಬಾರಿಸಿದರೆ ಮತ್ತೊಮ್ಮೆ. ಒಂದು ಸಲ, “ಮೆಣಸಿನಕಾಯಿ ಸುಗ್ಗ್ಯಾಗಿನ ತಾರೀಖೊಂದು ಬೇಕಲ್ರಿ” ಎಂದು ಕರೆದರು. ಯಾವುದು ಎಂದು ಕೇಳಿದೆ. ಆ ಸೋಮವಾರದ ಹಿಂದಿನ ಗುರುವಾರ, ನಾನು ಬಾಗಿಲ ಹಿಂದೆ ಪಟ್ಟಿ ಓದಿದ ದಿನ. ಹಚ್ಚಿದೆ. ಹೊರಗೆ ಬಂದು ನೀರಿನ ಹೂಜಿಯ ಹತ್ತಿರ ನಿಂತು ಎರಡು ಲೋಟ ಕುಡಿದೆ. ಮಕ್ಕಳು ಏನಾದರೂ ಕೇಳಿದರೆ ಹೂಂ ಎನ್ನುತ್ತಿದ್ದೆ, ಏನು ಕೇಳಿದರೆಂದು ಗೊತ್ತಿರುತ್ತಿರಲಿಲ್ಲ. ಮಗಳು ಒಮ್ಮೆ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅವಳಿಗಾಗಿಯೇ ಆ ಮೂರು ತಿಂಗಳ ರಜೆ ಎಂದು ಹೇಗೆ ಹೇಳುವುದು.

ಕಾಯಿಸುವ ಚಟ ನನಗಿಲ್ಲ, ಕೊನೆಗೆ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮೇಲ್ಮನವಿ ಗಡುವಿಗೆ ಮೊದಲೇ ಹೋಯಿತು, ಈ ಸಲ ರಜಿಸ್ಟರ್ ಅಂಚೆಯಲ್ಲೂ ಹೋಯಿತು. ರಸೀದಿ ಈಗಲೂ ನನ್ನ ಟ್ರಂಕಿನಲ್ಲಿದೆ. ವಹಿಯನ್ನು ಧಾರವಾಡಕ್ಕೆ ತರಿಸಿಕೊಂಡು ನೋಡಿದರು. ನನ್ನ ಅರ್ಜಿ ಗಡುವಿನೊಳಗೇ ಬಂದಿತ್ತು ಎಂದು ಒಪ್ಪಿ, ಹೆರಿಗೆ ರಜೆ ಖಂಡವಲ್ಲ ಎಂದು ಬರೆದು, ಪಟ್ಟಿಯಲ್ಲಿ ನನ್ನನ್ನು ಎರಡು ಜಾಗ ಮೇಲಕ್ಕೆ ತಂದರು. ಎರಡು ವರ್ಷ ಹಿಡಿಯಿತು. ಬಡ್ತಿ ಬಂದಾಗ ಹಿರೇಕೆರೂರಿಗೇ ಹಾಕಿದರು, ಸಾಹೇಬರು ಹೇಳಿದ್ದು ಅದೊಂದೇ ಖರೇ ಆಯಿತು. ಓಡಾಡಿದೆ. ಮಕ್ಕಳು ಬೆಳೆದರು.

ಆದರೆ ನನಗೆ ನೆನಪಾಗುವುದು ಆ ಆದೇಶವಲ್ಲ, ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ. ಮೇಲ್ಮನವಿಯ ಗಡುವಿಗೆ ಇನ್ನೂ ಹನ್ನೆರಡು ದಿನವಿತ್ತು. ಧಾರವಾಡದಿಂದ ವಾರ್ಷಿಕ ತಪಾಸಣೆಗೆ ಬರುತ್ತಾರೆಂದು ಸುದ್ದಿ ಬಂತು. ಸಾಹೇಬರಿಗೆ ದಿಗಿಲು. ಗೋಡೆಗೆ ಸುಣ್ಣ, ಕಡತಗಳಿಗೆ ಹೊಸ ದಾರ. ನನ್ನನ್ನು ಕರೆದರು.

“ಬಾಯಾರ, ಆವಕದಾಗಿನ ಖಾಲಿ ಸಾಲೆಲ್ಲಾ ಹೊಡದ ಹಾಕ್ರಿ. ಒಂದೊಂದಕ್ಕೂ ಷರಾ ಬರೀರಿ, ನಾ ಸಹಿ ಮಾಡ್ತೇನಿ. ತಪಾಸಣಿಯವರು ಖಾಲಿ ಸಾಲ ಕಂಡ್ರ ನನ್ನ ಕುತಗಿಗೆ ಬರತೈತಿ.”

ಕೆಂಪು ಶಾಯಿಯ ದೌತಿ ತಿಂಗಳುಗಟ್ಟಲೆ ಮುಟ್ಟದೆ ಒಣಗಿತ್ತು, ನೀರು ಹಾಕಿ ಅಲುಗಿಸಿದೆ. ಅವರ ಮೇಜಿನ ಪಕ್ಕದಲ್ಲೇ ನಿಂತು, ಅಡಿಪಟ್ಟಿ ಇಟ್ಟು ಗೆರೆ ಹೊಡೆದು, ಕೆಲವು ಕಡೆ ‘ಒಂದು ಸಾಲು ಖಾಲಿ, ರದ್ದು’ ಎಂದೂ ಉಳಿದ ಕಡೆ ‘ಎರಡು ಸಾಲು ಖಾಲಿ, ರದ್ದು’ ಎಂದೂ ಬರೆಯುತ್ತ ಹೋದೆ. ಅವರು ಪ್ರತಿಯೊಂದಕ್ಕೂ ಸಹಿ ಮಾಡುತ್ತ, ಬಾಗಿಲಲ್ಲಿ ನಿಂತ ಜವಾನನಿಗೆ ಬರುವವರ ಊಟದ ವ್ಯವಸ್ಥೆ ಹೇಳುತ್ತಿದ್ದರು. ಖಡಕ್ ರೊಟ್ಟಿ ಯಾರ ಮನೆಯಿಂದ, ಎಣಗಾಯಿ ಪಲ್ಯ ಯಾರ ಮನೆಯಿಂದ, ಮೊಸರು ಗಟ್ಟಿ ಇರಬೇಕು.

ಆ ಸೋಮವಾರ ಬಂತು. ನನ್ನ ಅರ್ಜಿಯ ಸಾಲು, ಅದರ ಕೆಳಗೆ ಎರಡು. ಗೆರೆ ಎಳೆದೆ. ‘ಎರಡು ಸಾಲು ಖಾಲಿ, ರದ್ದು’ ಎಂದು ಬರೆದು ವಹಿಯನ್ನು ಅವರ ಕಡೆ ಸರಿಸಿದೆ. ಅವರು ಸಹಿ ಮಾಡಿದರು, ಕೆಳಗೆ ತಾರೀಖು ಹಾಕಿದರು. ಎರಡೂ ಸಾಲು ಉಳಿದಿವೆ ಎಂದು ಅವರೇ ಹೇಳಿದಂತಾಯಿತು, ನನಗೆ ಬೇಕಾದದ್ದು ಅಲ್ಲಿಗೆ ಸಿಕ್ಕಿತ್ತು. ಲಗೂ ಪುಟ ತಿರುವಿ ಮುಂದೆ ಹೋಗಬೇಕಿತ್ತು.

ಹೋಗಲಿಲ್ಲ. ಪುಟದ ಮೇಲೆ ಅಂಗೈ ಇಟ್ಟು ನಿಂತೆ. ಯಾಕೆಂದು ಆಗ ತಿಳಿಯಲಿಲ್ಲ. ಅವರು ಓದಲಿ ಎಂದು ನಿಂತಿದ್ದೆ. ಮೇಲಿನ ಸಾಲಿನಲ್ಲಿ ನನ್ನ ಹೆಸರಿತ್ತು, ನನ್ನ ವಿಷಯವಿತ್ತು, ಅವರ ಹೆಬ್ಬೆರಳು ಅದರ ಮೇಲೇ ಇತ್ತು. ಓದಿದರೆ ಸಹಿಯನ್ನು ಹೊಡೆದುಹಾಕಬಹುದು, ನನ್ನ ಕೆಲಸ ಕೆಡಬಹುದು. ಗೊತ್ತಿತ್ತು. ಆದರೂ ಆ ಮನುಷ್ಯ ಒಂದು ಸಲ, ಒಂದೇ ಒಂದು ಸಲ ನಾನು ಬರೆದದ್ದನ್ನು ಕಣ್ಣಿಟ್ಟು ನೋಡಲಿ ಎಂದು ಅನಿಸಿತು. ಪಟ್ಟಿ ಬಂದಾಗ ನೋಡಲಿಲ್ಲ, ಅರ್ಜಿ ಕೊಟ್ಟಾಗ ನೋಡಲಿಲ್ಲ, ನನ್ನ ಮೇಲೆ ಕಳ್ಳತನ ಹೊರಿಸುವಾಗಲೂ ವಹಿ ತೆಗೆದು ಎಣಿಸಲಿಲ್ಲ.

ಅವರು ಪೆನ್ನಿನಿಂದ ನನ್ನ ಬೆರಳನ್ನು ಮೆಲ್ಲಗೆ ತಟ್ಟಿದರು, ಮುಖ ಇನ್ನೂ ಜವಾನನ ಕಡೆಗೇ ಇತ್ತು.

“ತಿರುವ್ರಿ ಬಾಯಾರ, ತಿರುವ್ರಿ,” ಎಂದರು.

ತಿರುವಿದೆ.